ನಮ್ಮೂರಿನ ವಿದೇಶಾಂಗ ಇಲಾಖೆ

ನಮ್ಮ ಕಡೆ ಒಂದು ವಿಚಿತ್ರ ಇದೆ. ಗಂಭೀರವಾಗಿ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊತ್ತು ಹೋಗಲಿ ಎಂದು ಆಡಿದ ಮಾತು ಮಾತ್ರ ಮರುದಿನ ಬೆಳಗಾಗುವಷ್ಟರಲ್ಲಿ ಜಾರಿಗೆ ಬಂದಿರುತ್ತದೆ. ನಾನು ಯಲಬುರ್ಗಾದ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ವಿದೇಶಾಂಗ ಸಚಿವಾಲಯ ಅಂದರೇನು, ಅದರ ರಚನೆ ಹೇಗೆ, ರಾಯಭಾರಿ ಏನು ಮಾಡುತ್ತಾನೆ ಎಂದು ವರ್ಷವರ್ಷವೂ ಗಂಟಲು ಹರಿಯುವಂತೆ ಪಾಠ ಮಾಡಿದ್ದೇನೆ. ಮಕ್ಕಳಲ್ಲಿ ಒಬ್ಬನೂ ನೆನಪಿಟ್ಟಿಲ್ಲ. ಒಂದೇ ಒಂದು ಸಂಜೆ ನಮ್ಮೂರ ಕಟ್ಟೆಯ ಮೇಲೆ ಕೂತು ಅದೇ ಪಾಠ ಹೇಳಿದೆ. ಊರಿಗೆ ಊರೇ ನೆನಪಿಟ್ಟಿತು.

ಮೊದಲು ಊರಿನ ಸಂಗತಿ ಹೇಳಬೇಕು. ನಮ್ಮೂರಿಗೂ ಹಳ್ಳದಾಚೆಯ ಊರಿಗೂ ನಡುವೆ ಇರುವುದು ಒಂದು ಹಳ್ಳ, ಅದರಲ್ಲಿ ವರ್ಷದ ಬಹುಪಾಲು ಬರೀ ಉಸುಕು. ಆ ಊರಿನ ಕೋಳಿ ಕೂಗಿದರೆ ನಮ್ಮವರು ಏಳುತ್ತಾರೆ. ಹಿಂದೆ ಯಾವುದೋ ಮದುವೆಯಲ್ಲಿ ಆ ಊರಿನ ಬೀಗರನ್ನು ನಮ್ಮವರು ಎರಡನೇ ಪಂಕ್ತಿಗೆ ಊಟಕ್ಕೆ ಕೂರಿಸಿದರಂತೆ. ಅವತ್ತಿನಿಂದ ಹೆಣ್ಣು ಕೊಡುವುದು, ತರುವುದು, ಹೋಗುವುದು, ಬರುವುದು ಎಲ್ಲ ಬಂದ್. ಸುಮಾರು ಮೂವತ್ತು ವರ್ಷವಾಯಿತು. ಬಡಿಸಿದವರೂ ಉಂಡವರೂ ತೀರಿಕೊಂಡಿದ್ದಾರೆ. ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ.

ಹೀಗಿರುವಾಗ ನನ್ನ ಕಾಕಾನ ಮಗಳು ಮನಸ್ಸು ಕೊಟ್ಟದ್ದು ಹಳ್ಳದಾಚೆಯ ಹುಡುಗನಿಗೆ. ಅವಳು ಕೊಪ್ಪಳದ ಆಸ್ಪತ್ರೆಯಲ್ಲಿ ನರ್ಸ್. ಅವಳು ದಿನಾ ಹತ್ತುವ ಬಸ್ಸಿನ ಕಂಡಕ್ಟರ್ ಅವನು. ಹುಡುಗ ಒಳ್ಳೆಯವನು, ಸರ್ಕಾರಿ ಕೆಲಸ, ಜಾತಿ ಜಾತಕ ಯಾವುದರಲ್ಲೂ ತಕರಾರಿಲ್ಲ. ಊರು ಒಂದೇ ತಕರಾರು. ಇತ್ತ ಗಂಗಾವತಿ ಕಡೆಯಿಂದ ಬೇರೆ ಸಂಬಂಧದ ಮಾತು ಬರತೊಡಗಿತ್ತು. ಕಾಕಾ ಅದಕ್ಕೆ ಹೂಂ ಅಂದುಬಿಟ್ಟರೆ ಮುಗಿಯಿತು. ತಂಗಿ ಒಂದು ದಿನ ನನ್ನ ಮನೆಗೆ ಬಂದು, "ಅಣ್ಣಾ, ನೀ ಅಪ್ಪಗ ಹೇಳು. ನಿನ್ನ ಮಾತು ಕೇಳ್ತಾನ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಧೈರ್ಯ ಮಾಡಿ ಕಟ್ಟೆಗೆ ಹೋದೆ.

ಇಲಾಖೆ ಹುಟ್ಟಿದ ಸಂಜೆ

ಕಾಕಾ ಊರ ಹಿರಿಯರು. ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ನಡುವೆ ಕೂತಿದ್ದರು. ನಾನು ಸುತ್ತಿಬಳಸಿ ವಿಷಯ ತೆಗೆದೆ.

"ಆ ಊರವ್ರ ಕೂಡ ನಾ ಮಾತಾಡಂಗಿಲ್ಲ," ಅಂದರು ಕಾಕಾ. "ಮೊದ್ಲ ನಾ ಬಾಯಿ ಬಿಟ್ರ ನಮ್ಮ ಮರ್ಯಾದಿ ಹಳ್ಳದಾಗ ಹೋದಂಗ."

"ಕಾಕಾ, ಯುದ್ಧ ಮಾಡೋ ದೇಶದವ್ರೂ ಮಾತು ಬಿಡಂಗಿಲ್ಲ. ಅದಕ್ಕಂತನ ವಿದೇಶಾಂಗ ಇಲಾಖಿ ಅಂತ ಇರ್ತೈತಿ. ಮಂತ್ರಿ ತಾನ ಹೋಗಿ ಬಾಯಿ ಬಿಡಂಗಿಲ್ಲ, ರಾಯಭಾರಿನ್ನ ಕಳಸ್ತಾನ. ಮಾತು ಕೆಟ್ರ ರಾಯಭಾರಿ ಹೆಸರು ಕೆಡತೈತಿ. ಮಾತು ಕೂಡಿದ್ರ ಮಂತ್ರಿ ಹೆಸರು ಬರತೈತಿ."

ಕಾಕಾ ಜಗಿಯುವುದನ್ನು ನಿಲ್ಲಿಸಿದರು. "ಇಷ್ಟು ಛಲೋ ಇಲಾಖಿ ಐತಿ ಅಂತ ಇಷ್ಟ ದಿನ ಯಾಕ ಹೇಳಲಿಲ್ಲ ನೀ?"

ನಾವು ಕಟ್ಟೆಯಿಂದ ಎದ್ದು ಹೋಗುವಷ್ಟರಲ್ಲಿ ಇಲಾಖೆ ಹುಟ್ಟಿತ್ತು. ಕಾಕಾ ಮಂತ್ರಿ. ನಾನು ಕಾರ್ಯದರ್ಶಿ. ಕಟ್ಟೆಯ ಪಕ್ಕದ ಹೋಟೆಲಿನವನು ಭಜಿ ಕರಿಯುತ್ತಿದ್ದವನು ಜಾರೆ ಸೌಟು ಹಿಡಿದುಕೊಂಡೇ ಬಂದ.

"ಸರ, ನನಗೇನರ ಐತೇನ್ರಿ?"

"ವಕ್ತಾರ ಆಗು."

"ಅಂದ್ರ ಏನು ಮಾಡ್ಬೇಕ್ರಿ?"

"ಯಾರು ಏನ ಕೇಳಿದ್ರೂ ಉತ್ತರ ಕೊಡಬೇಕು. ಆದ್ರ ಅವ್ರಿಗೆ ಉತ್ತರ ಸಿಗಬಾರ್ದು."

"ಭಜಿ ಯಾವಾಗ ಆಗ್ತಾವಂತ ಕೇಳಿದವ್ರಿಗೆ ನಾ ಇಷ್ಟು ದಿನ ಮಾಡಿದ್ದು ಅದನ್ನ ಅಲ್ರಿ ಸರ," ಅಂದ.

ಆದರೂ ಇರಲಿ ಎಂದು ಅವನಿಗೆ ಒಂದು ವಾಕ್ಯ ಕಲಿಸಿದೆ: "ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ." ಆ ವಾಕ್ಯ ಅವನಿಗೆ ಎಷ್ಟು ಹಿಡಿಸಿತೆಂದರೆ ಎರಡು ದಿನ ಅದನ್ನು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಹೆಂಡತಿ ಸಿಲಿಂಡರ್ ಖಾಲಿಯಾಯಿತು ಅಂದರೂ ಅದೇ. ಬಸ್ಸಿಗೆ ಹೊತ್ತಾದ ಗಿರಾಕಿಯೊಬ್ಬ, "ಯಪ್ಪಾ, ಭಜಿ ಏನಾದ್ವು?" ಅಂದಾಗ ಇವನು ಎಣ್ಣೆಯನ್ನೇ ನೋಡುತ್ತ ಅದೇ ವಾಕ್ಯ ಹೇಳಿದ.

"ಗಮನಸೂದು ಇರ್ಲಿ, ಸುಟ್ಟು ಕರ್ರಗ ಆಗ್ಯಾವ ನೋಡ್ರಿ."

"ಅದನ್ನೂ ಗಮನಸಾಕ ಹತ್ತೀವ್ರಿ," ಅಂದ ವಕ್ತಾರ.

ಗಂಗಾವತಿ ವಿಭಾಗ

ವಿದೇಶಾಂಗ ಸಚಿವಾಲಯದಲ್ಲಿ ಜಗತ್ತಿನ ಒಂದೊಂದು ಭಾಗಕ್ಕೆ ಒಂದೊಂದು ವಿಭಾಗ ಇರುತ್ತದೆ ಎಂದು ಬಾಯಿ ತಪ್ಪಿ ಹೇಳಿದೆ. ಮರುದಿನವೇ ಜಗತ್ತನ್ನು ಹಂಚಿಕೊಂಡರು. ಕೋರ್ಟಿನ ತಾರೀಖಿಗೆ ಕೊಪ್ಪಳಕ್ಕೆ ಅಲೆಯುವವನು ಕೊಪ್ಪಳ ವಿಭಾಗ ಹಿಡಿದ. ವಾರವಾರ ಸಂತೆಗೆ ಹೋಗುವವನಿಗೆ ಕುಷ್ಟಗಿ. ಮಗಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟವನೊಬ್ಬ ಇದ್ದ. ಹೊಸ ಅಕ್ಕಿಯ ಅನ್ನ ಉಣ್ಣಲು ಹೇಗೂ ಹೋಗುತ್ತಿದ್ದ, ಆ ಕಡೆ ನಡೆಯುವ ನಾಲ್ಕು ತೆಲುಗು ಮಾತೂ ಬರುತ್ತಿದ್ದವು. ಅವನಿಗೆ ಗಂಗಾವತಿ ವಿಭಾಗ.

"ಹಳ್ಳದಾಚೆ ವಿಭಾಗ ಯಾರಿಗೆ?" ಅಂದೆ.

ಎಲ್ಲರೂ ಎಲೆ ಅಡಿಕೆಯ ಚೀಲ ಹುಡುಕತೊಡಗಿದರು. ಕಡೆಗೆ ಒಬ್ಬ, "ಅದು ಭಾಳ ದೂರ ಆಗ್ತೈತ್ರಿ ಸರ," ಅಂದ. ಅವನ ಹೊಲ ಆ ಊರಿನ ಬದುವಿಗೆ ಹತ್ತಿಕೊಂಡೇ ಇದೆ.

ಇಲಾಖೆ ಕಟ್ಟಿದ್ದೇ ಹಳ್ಳದಾಚೆಯವರ ಜೊತೆ ಮಾತಾಡಲು. ಆ ಒಂದು ವಿಭಾಗಕ್ಕೆ ಮಾತ್ರ ಅಧಿಕಾರಿ ಇಲ್ಲ. ಕೊಪ್ಪಳದವನೂ ಕುಷ್ಟಗಿಯವನೂ ತಮ್ಮ ತಮ್ಮ ಕೆಲಸಕ್ಕೆ ಹೋಗಿ ಬಂದು ಸುಮ್ಮನಾದರು. ಗಂಗಾವತಿ ವಿಭಾಗದವನು ಮಾತ್ರ ಮೈಮುರಿದು ದುಡಿದ. ಒಂದು ವಾರ ಮರಳಿಯಲ್ಲಿ ಮಗಳ ಮನೆಯಲ್ಲಿದ್ದು ಬಂದವನು ನೇರವಾಗಿ ಕಾಕಾನ ಮುಂದೆ ಕೂತ.

"ಗಿರಣಿ ನೋಡಿ ಬಂದೀನ್ರಿ. ಅಕ್ಕಿ ಗಿರಣಿ. ಹುಡುಗ ಮನಿಗೆ ಒಬ್ಬನ ಮಗ. ಮನಿ ಅಂದ್ರ ಮನಿ ಅದು, ಮುಂದಿನ ಬಾಗಲದಾಗ ನಿಂತು ಕೂಗಿದ್ರ ಹಿತ್ತಲದಾಗ ಕೇಳಸಂಗಿಲ್ಲ. ಬಸವ ಜಯಂತಿ ಆದ ಮ್ಯಾಲ ಹೆಣ್ಣು ನೋಡಾಕ ಬರ್ರಿ ಅಂತ ಹೇಳೇ ಬಂದೀನಿ."

ಕಾಕಾ ಭಾರೀ ಖುಷಿಯಾಗಿ, "ನೋಡು, ಇಲಾಖಿ ಅಂದ್ರ ಹಿಂಗ ಕೆಲಸ ಮಾಡಬೇಕು," ಎಂದು ನನ್ನ ಬೆನ್ನು ಚಪ್ಪರಿಸಿದರು.

ತಂಗಿ ಅವತ್ತು ಡ್ಯೂಟಿ ಮುಗಿಸಿ ಬಂದವಳು ಬ್ಯಾಗನ್ನೂ ಕೆಳಗಿಡದೆ ಕೇಳಿದಳು. "ಅಣ್ಣಾ, ನೀ ಇಲಾಖಿ ಕಟ್ಟಿದ್ದು ನನ್ನ ಮದುವಿ ಮಾಡಾಕೋ, ತಪ್ಪಸಾಕೋ?"

"ವಿಭಾಗಗಳ ನಡುವ ಸಮನ್ವಯದ ಕೊರತಿ ಆಗೈತಿ, ಅಷ್ಟ," ಅಂದೆ.

ಅವಳ ಕೈಯಲ್ಲಿ ಆಗ ಸೂಜಿ ಇರಲಿಲ್ಲ. ಅದು ನನ್ನ ಪುಣ್ಯ.

ಎಮ್ಮೆಗೆ ವಿನಾಯಿತಿ

ಬಸವ ಜಯಂತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಹಳ್ಳದಾಚೆಗೆ ಯಾರನ್ನಾದರೂ ಕಳಿಸಲೇಬೇಕಿತ್ತು. ಕಡೆಗೆ ಒಪ್ಪಿಕೊಂಡವನು ನಮ್ಮೂರಿನ ದನದ ದಲ್ಲಾಳಿ. ಎತ್ತು, ಎಮ್ಮೆ, ಹೋರಿ ಮಾರಿಸುವುದು ಕೊಡಿಸುವುದು ಅವನ ಕಸುಬು. ನಾಲ್ಕು ತಾಲೂಕಿನ ಸಂತೆ ಸುತ್ತಿದವನು, ಮಾತು ಕಡಿಮೆ, ಗುಟ್ಟು ಬಿಡುವವನಲ್ಲ. ರಾಯಭಾರಿಗೆ ಇನ್ನೇನು ಬೇಕು.

ಅವನದು ಒಂದೇ ಪ್ರಶ್ನೆ. "ಆ ಊರಾಗ ನನ್ನ ಹಿಡದು ಬಡದ್ರ?"

"ರಾಯಭಾರಿನ್ನ ಮುಟ್ಟಂಗಿಲ್ಲ. ಅವಗ ವಿನಾಯಿತಿ ಇರ್ತೈತಿ. ಅವನ ಮನಿ ಮಂದಿ, ಅವನ ಸಾಮಾನು, ಯಾವುದಕ್ಕೂ ಕೈ ಹಚ್ಚಂಗಿಲ್ಲ."

ಅವನು ಇದನ್ನು ಬಹಳ ಹೊತ್ತು ಯೋಚಿಸಿದ. ಮರುದಿನ ಬೆಳಿಗ್ಗೆ ತಾನು ಹೋಗಲಿಲ್ಲ, ತನ್ನ ಎಮ್ಮೆಯನ್ನು ಹಳ್ಳ ದಾಟಿಸಿದ. ಅದು ನೆಟ್ಟಗೆ ಹೋಗಿ ಆ ಊರಿನವರು ಬೋರಿನ ನೀರಲ್ಲಿ ಬೆಳೆದ ಹಸಿರು ಜೋಳದಲ್ಲಿ ನಿಂತಿತು. ಹೊಲದವನು ಕೋಲು ಹಿಡಿದು ಓಡಿಬಂದರೆ ಇವನು ಈಚೆ ದಂಡೆಯಿಂದಲೇ ಕೂಗಿದ. "ಮುಟ್ಟಬ್ಯಾಡ್ರಿ. ಅದಕ್ಕ ವಿನಾಯಿತಿ ಐತಿ. ಅದು ರಾಯಭಾರ ಕಚೇರಿ ಎಮ್ಮಿ."

ನಾನು ತಲೆ ಮೇಲೆ ಕೈಹೊತ್ತು ಕೂತೆ. ಆದರೆ ಆ ಊರಿನವರೂ ನಮ್ಮ ನೀರೇ ಕುಡಿದವರು. ಎಮ್ಮೆಯನ್ನು ತುಡುಗು ದನ ಕೂಡುವ ಕೊಂಡವಾಡಕ್ಕೆ ಹೊಡೆಯಲಿಲ್ಲ, ಒಂದು ಏಟೂ ಹಾಕಲಿಲ್ಲ. ನಮ್ಮಲ್ಲಿ ಇಲಾಖೆ ಆದ ಸುದ್ದಿ ಭಜಿ ಹೋಟೆಲಿನಿಂದ ಅಲ್ಲಿಗೂ ಮುಟ್ಟಿತ್ತು, ಅವರೂ ಒಂದು ಇಲಾಖೆ ಮಾಡಿಕೊಂಡಿದ್ದರು. ಸಂಜೆ ಅವರ ಹಿರಿಯರೆಲ್ಲ ರುಮಾಲು ಸುತ್ತಿಕೊಂಡು ಬಂದು ಹಳ್ಳದಾಚೆ ಸಾಲಾಗಿ ನಿಂತರು. ನಡುವೆ ಎಮ್ಮೆ. ಅದರ ಕೊರಳಲ್ಲಿ ಚೆಂಡು ಹೂವಿನ ಮಾಲೆ.

ಒಬ್ಬರು ಗಂಟಲು ಸರಿಮಾಡಿಕೊಂಡು ಸಾರಿದರು. "ಈ ಎಮ್ಮಿ ನಮ್ಮೂರಿಗೆ ಬ್ಯಾಡಾದ ವ್ಯಕ್ತಿ ಅಂತ ಠರಾವು ಆಗೈತಿ. ಒಂದು ದಿನದಾಗ ಊರು ಬಿಡಬೇಕು."

ಹಾಲು ಕರೆಯುವ ಹೊತ್ತಾಗಿತ್ತು. ಎಮ್ಮೆ ಆ ಗಡುವಿಗೆ ಕಾಯದೆ ತಾನೇ ಹಳ್ಳ ದಾಟಿ ಬಂತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಜೋಳದಲ್ಲಿತ್ತು. ಕೊರಳಲ್ಲಿದ್ದ ಮಾಲೆಯನ್ನು ಅದು ಮೆಚ್ಚುಗೆ ಎಂದು ತಿಳಿದಂತಿತ್ತು.

ತವರಿಗೆ ಗಡೀಪಾರು

ನಮ್ಮ ರಾಯಭಾರಿಯ ಎಮ್ಮೆಯನ್ನು ಅವರು ಹೊರಹಾಕಿದರೆ ಅವರದೊಂದನ್ನು ನಾವು ಹೊರಹಾಕಬೇಕಲ್ಲ. ಹಾಗೆಂದು ಕಟ್ಟೆಯ ಮೇಲೆ ನಿಕ್ಕಿಯಾಯಿತು. "ದೇಶದೇಶದಾಗ ಹಂಗ ಮಾಡ್ತಾರೋ ಇಲ್ಲೋ?" ಎಂದು ಎಲ್ಲರೂ ನನ್ನ ಮುಖ ನೋಡಿದರು. ಮಾಡುತ್ತಾರೆ ಎಂದು ಒಪ್ಪಿಕೊಳ್ಳಬೇಕಾಯಿತು.

ಆದರೆ ಆ ಊರಿನದು ಅಂತ ನಮ್ಮಲ್ಲಿ ಏನಿದೆ? ಹುಡುಕಿದರು. ಒಂದು ಕೋಳಿ ಸಿಕ್ಕಿತು, ಅದರ ಮೂಲ ಖಚಿತವಾಗಲಿಲ್ಲ. ಆಗ ಗಂಗಾವತಿ ವಿಭಾಗದವನು ಮೆಲ್ಲಗೆ ಅಂದ. "ಮಂತ್ರಿಗಳ ತಾಯಿ ಆ ಊರಾಕಿ ಅಲ್ರಿ?"

ಖರೆ. ನಮ್ಮ ಅಜ್ಜಿಯ ತವರು ಹಳ್ಳದಾಚೆ. ಜಗಳಕ್ಕಿಂತ ಎಷ್ಟೋ ಮೊದಲು ಬಂದ ಸೊಸೆ ಅವಳು. ಕಾಕಾ ತಲೆ ಕೆರೆದುಕೊಂಡರು. ಹಿಂದೆ ಸರಿದರೆ ಮಂತ್ರಿ ತನ್ನವರಿಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡಿದ ಅಂತಾರೆ. ಅಳುಕುತ್ತಲೇ ಮನೆಗೆ ಹೋದರು, ಹಿಂದೆ ನಾನು.

"ಯವ್ವಾ, ಸಿಟ್ಟಿಗೇಳಬ್ಯಾಡ. ಇಲಾಖಿ ಕೆಲಸ. ನಿನ್ನ ನಾವು ಹೊರಗ ಹಾಕಬೇಕಾಗೈತಿ. ಆ ಊರಿಗೆ."

ಅಜ್ಜಿ ಶೇಂಗಾ ಸುಲಿಯುತ್ತಿದ್ದಳು. ಕೈ ನಿಂತಿತು. "ಯಾವಾಗ?"

"ಇವತ್ತ."

ಅಜ್ಜಿ ಮೊರ ಬದಿಗಿಟ್ಟು ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆವು. ಹೊರಗೆ ಬಂದಾಗ ಇಳಕಲ್ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಗಂಟು, ಕೈಯಲ್ಲಿ ಕಟಿರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ. ಆ ಗಂಟು ಅಷ್ಟು ಬೇಗ ಕಟ್ಟಿದ್ದಲ್ಲ. ಎಂದೋ ಕಟ್ಟಿ ಇಟ್ಟದ್ದು. ಒಡಹುಟ್ಟಿದ ತಮ್ಮ ತೀರಿಕೊಂಡಾಗಲೂ ಅವಳನ್ನು ಹೋಗಗೊಟ್ಟಿರಲಿಲ್ಲ. ಈಚೆ ದಂಡೆಯಲ್ಲಿ ನಿಂತು ಆಚೆ ಹೊರಟ ಹೆಣ ನೋಡಿ ತಿರುಗಿ ಬಂದಿದ್ದಳಂತೆ. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಊರಿನ ಮರ್ಯಾದೆ ಎಂದು ನಾವು ಉಳಿಸಿಕೊಂಡು ಬಂದದ್ದು ಇದನ್ನೇ.

ಕಾಕಾನ ಕಣ್ಣೂ ತುಂಬಿತ್ತು. "ಯವ್ವಾ, ಗಡೀಪಾರು ಅಂದ್ರ ಎರಡು ದಿನ ಅಷ್ಟ. ಆಮ್ಯಾಲ ನಾನ ವಾಪಸ್ ಕರಸ್ಕೊಂತೀನಿ."

ಅಜ್ಜಿ ಆಗಲೇ ಹೊಸ್ತಿಲು ದಾಟಿದ್ದಳು. "ಅವಸರ ಮಾಡಬ್ಯಾಡಪ್ಪ," ಅಂದಳು. "ಸರ್ಕಾರಿ ಕೆಲಸ, ನಿಧಾನ ಆಗ್ಲಿ."

ಟವೆಲ್ಲಿನೊಳಗಿನ ಒಪ್ಪಂದ

ಅಜ್ಜಿ ಹೋಗಿ ಎಂಟು ದಿನ ದಾಟಿದರೂ ಬರಲಿಲ್ಲ. ಆದರೆ ಅವಳು ಹೋದದ್ದರಿಂದ ಹಳ್ಳದಾಚೆಯ ಬಿಗಿ ತುಸು ಸಡಿಲವಾಯಿತು. ಅವರ ರಾಯಭಾರಿಯೂ ಒಬ್ಬ ದನದ ದಲ್ಲಾಳಿಯೇ. ಇಬ್ಬರೂ ಕುಷ್ಟಗಿಯ ಸಂತೆಯಲ್ಲಿ ಕೂತು ಮಾತಾಡುವುದೆಂದು ನಿಗದಿಯಾಯಿತು.

ಹೊರಡುವ ಮುಂಚೆ ಕಾಕಾ ನಮ್ಮ ದಲ್ಲಾಳಿಯನ್ನು ಕರೆದು ಅಪ್ಪಣೆ ಕೊಟ್ಟರು. ತಾಯಿಯ ಗಂಟು ಕಂಡ ಮೇಲೆ ಅವರ ಮನಸ್ಸು ಹಳ್ಳದಾಚೆಯ ಸಂಬಂಧಕ್ಕೆ ವಾಲಿತ್ತು, ಆದರೆ ಮಗಳ ಮದುವೆ ಎಂದು ಬಾಯಿಬಿಟ್ಟು ಹೇಳಲು ಮಂತ್ರಿಯ ಮರ್ಯಾದೆ ಅಡ್ಡ ಬಂತು. "ಅವ್ರ ಕೂಡ ಒಂದು ವ್ಯವಹಾರ ಕುದುರಿಸಿಕೊಂಡು ಬಾ. ನಮ್ಮ ಮಾನ ಉಳೀಬೇಕು," ಅಂದರು, ಅಷ್ಟೇ. ಮಂತ್ರಿ ಹೇಳಿದ ಮೇಲೆ ಕಾರ್ಯದರ್ಶಿ ಬಿಡಿಸಿ ಹೇಳುವುದು ಶಿಷ್ಟಾಚಾರ ಅಲ್ಲ ಎಂದು ನಾನೂ ಸುಮ್ಮನಿದ್ದೆ. ಊರಿಗೆಲ್ಲ ಗೊತ್ತಿದ್ದ ವಿಷಯ ಇವನಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡೆ. ಅವನು ವಾರದಲ್ಲಿ ಆರು ದಿನ ಸಂತೆಯಲ್ಲಿರುವವನು ಎಂಬುದು ನನಗೆ ಹೊಳೆಯಲಿಲ್ಲ.

ದನದ ವ್ಯಾಪಾರ ನೋಡಿದವರಿಗೆ ಗೊತ್ತು. ಅಲ್ಲಿ ಯಾರೂ ಬಾಯಿಂದ ರೇಟು ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಒಂದು ಟವೆಲ್ ಹೊದಿಸುತ್ತಾರೆ, ಒಳಗೆ ಬೆರಳು ಹಿಡಿದು ಬಿಡಿಸಿ ಹಿಡಿದು ಮಾತು ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಟವೆಲ್ ಅಲುಗಾಡುವುದು ಮಾತ್ರ. ಒಳಗೆ ಆಡಿದ್ದನ್ನು ಹೊರಗೆ ಹೇಳುವ ದಲ್ಲಾಳಿಯನ್ನು ಮತ್ತೆ ಯಾರೂ ಮಾತಿಗೆ ಕರೆಯುವುದಿಲ್ಲ.

ನಮ್ಮ ಇಬ್ಬರು ರಾಯಭಾರಿಗಳು ಬೇವಿನ ಗಿಡದ ಕೆಳಗೆ ಎದುರಾಬದುರು ಕುಕ್ಕರುಗಾಲಲ್ಲಿ ಕೂತರು. ನಮ್ಮವನು ಟವೆಲ್ ಹೊದಿಸಿದ. ಜೊತೆಗೆ ಹೋಗಿದ್ದ ನಾನು ಹಿಂದಿನಿಂದ ಬಗ್ಗಿ ನೋಡಿದೆ. ಟವೆಲ್ ಅಲುಗಾಡಿತು. ಆಚೆಯವನು ತಲೆ ಅಲ್ಲಾಡಿಸಿದ, ನಮ್ಮವನು ಎದ್ದಂತೆ ಮಾಡಿದ, ಅವನು ಜಗ್ಗಿ ಕೂರಿಸಿದ. ಮತ್ತೆ ಅಲುಗಾಡಿತು. ಒಂದು ಮಾತಿಲ್ಲ. ಆಮೇಲೆ ಇಬ್ಬರೂ ನಕ್ಕು ಕೈ ಕುಲುಕಿ ಎದ್ದರು.

"ಏನಾತು?" ಅಂದೆ.

"ಆತ್ರಿ."

"ಏನು ಆತು?"

"ಸರ, ಟವೆಲ್ ಒಳಗಿಂದು ಟವೆಲ್ ಒಳಗ ಇರಬೇಕು. ನಿಮ್ಮ ಮಂತ್ರಿಗಳಿಗೆ ಹೇಳ್ರಿ, ಬರೂ ಸೋಮವಾರ ಇಟಗಿಗೆ ಬರ್ರಿ ಅಂತ. ಅವ್ರೂ ಬರ್ತಾರ. ಅಲ್ಲೆ ಕೈ ಮ್ಯಾಲ ಕೈ ಹಾಕಿ ಮುಗಸೂದು."

ಮೂವತ್ತು ವರ್ಷದ ಜಗಳ ಮುಗಿಯಿತೆಂದು ನಾನು ಊರಿಗೆ ಬಂದು ಸಾರಿದೆ. ಷರತ್ತು ಏನೆಂದು ಯಾರಿಗೂ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಕಾಕಾ ಎಲ್ಲ ಗೊತ್ತಿದ್ದವರಂತೆ ಗಂಭೀರವಾಗಿ ಮೀಸೆ ತಿರುವಿದರು. ಆಮೇಲೆ ಗಂಗಾವತಿ ವಿಭಾಗದವನನ್ನು ಕರೆದು, "ಗಿರಣಿಯವ್ರಿಗೆ ಒಂದೀಟು ತಡೀರಿ ಅಂತ ಹೇಳು. ಬ್ಯಾಡ ಅಂತ ಮಾತ್ರ ಅನಬ್ಯಾಡ," ಅಂದರು. ನಾನು ಕಲಿಸದೆಯೇ ಅವರಿಗೆ ವಿದೇಶಾಂಗ ನೀತಿ ಬಂದಿತ್ತು.

ವಕ್ತಾರನಿಗೂ ಹೊಸ ವಾಕ್ಯ ಬೇಕಾಯಿತು. "ಮಾತುಕತೆ ಫಲಪ್ರದವಾಗಿದೆ" ಎಂದು ಕಲಿಸಿದೆ. ಒಬ್ಬ ಗಿರಾಕಿ ಬಂದು, "ಭಜಿ ಅದಾವೇನಪ?" ಅಂದ. ಇವನು ಖಾಲಿ ಬುಟ್ಟಿ ತೋರಿಸಿ ಹೇಳಿದ. "ಇಲ್ಲ. ಆದ್ರ ಮಾತುಕತಿ ಫಲಪ್ರದ ಆಗೈತಿ."

ಇಟಗಿಯಲ್ಲಿ ಶೃಂಗಸಭೆ

ಇಟಗಿ ಎರಡೂ ಊರಿಗೆ ಸೇರದ ಜಾಗ. ಶೃಂಗಸಭೆ ಯಾವತ್ತೂ ಮೂರನೆಯವರ ನೆಲದಲ್ಲಿ ಆಗಬೇಕು ಎಂದು ನಾನೇ ಹಿಂದೊಮ್ಮೆ ಹೇಳಿದ್ದೆ. ಸೋಮವಾರ ಬೆಳಿಗ್ಗೆ ಕಾಕಾನ ಟ್ರ್ಯಾಕ್ಟರಿನ ಟ್ರೇಲರ್ ತುಂಬ ನಮ್ಮವರು ಹೊರಟೆವು. ಕಾಕಾನಿಗೆ ಹೊಸ ರುಮಾಲು. ಕಾಕಿಯ ಕೈಯಲ್ಲಿ ತಟ್ಟೆ ತುಂಬ ಸಕ್ಕರೆ. ನಮ್ಮಲ್ಲಿ ಸಂಬಂಧ ಗಟ್ಟಿಯಾದರೆ ಎರಡೂ ಕಡೆಯವರು ಸಕ್ಕರೆ ತಿನ್ನಬೇಕು. ತೆಂಗಿನಕಾಯಿ, ಎಲೆ ಅಡಿಕೆ, ಶಾಲು. ತಂಗಿ ಹಸಿರು ಸೀರೆ ಉಟ್ಟು ತಲೆ ಬಗ್ಗಿಸಿ ಕೂತಿದ್ದಳು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ನೋಡಿರಲಿಲ್ಲ.

ಇಟಗಿಯ ಹಳೇ ಕಲ್ಲಿನ ಗುಡಿಯ ಹೊರಗಿನ ಮರದ ನೆರಳಿನಲ್ಲಿ ಹಳ್ಳದಾಚೆಯವರು ಮೊದಲೇ ಬಂದಿದ್ದರು. ಮುಂದೆ ಹುಡುಗನ ಅಪ್ಪ. ಹಿಂದೆ ನಮ್ಮ ಅಜ್ಜಿ, ತವರಿನ ಊಟದಿಂದ ತುಸು ಮೈದುಂಬಿಕೊಂಡಿದ್ದಳು. ಇನ್ನೂ ಹಿಂದೆ ಹೊಸ ಅಂಗಿ ಹಾಕಿಕೊಂಡ ಕಂಡಕ್ಟರ್. ಅವನ ಕೈಯಲ್ಲಿ ಎರಡು ಹಗ್ಗ. ಹಗ್ಗದ ತುದಿಗೆ ಕೋಡಿಗೆ ಬಣ್ಣ ಬಳಿದ ಒಂದು ಜೊತೆ ಎತ್ತು.

ಕಾಕಾ ನನ್ನ ಕಿವಿಯಲ್ಲಿ, "ಗಂಡಿನ ಕಡಿಯವ್ರ ಹೆಣ್ಣಿನ ಕಡಿಯವ್ರಿಗೆ ಎತ್ತು ಕೊಡ್ತಾರಲ್ಲಪ. ಎಷ್ಟು ದೊಡ್ಡ ಮನಸು," ಅಂದರು. ಮುಂದೆ ಹೋಗಿ ಹುಡುಗನ ಅಪ್ಪನಿಗೆ ಶಾಲು ಹೊದಿಸಿದರು. ಆತ ಗದ್ಗದವಾಗಿ ನಮ್ಮ ಸಕ್ಕರೆ ನೋಡಿದ, ತೆಂಗಿನಕಾಯಿ ನೋಡಿದ.

"ನನ್ನ ಜೀವನದಾಗ ಎಷ್ಟೋ ಎತ್ತು ಮಾರೀನ್ರಿ," ಅಂದ. "ಇಷ್ಟು ಮರ್ಯಾದಿಲೆ ತಗೊಂಡವ್ರನ್ನ ನೋಡಿಲ್ಲ."

ಕಾಕಾನ ಮುಖದ ಬಣ್ಣ ಇಳಿಯಿತು. ಮೆಲ್ಲಗೆ ನಮ್ಮ ದಲ್ಲಾಳಿಯ ಕಡೆ ತಿರುಗಿದರು. "ಇವೇನಲೇ?"

"ಎತ್ರಿ. ಇವನ್ನ ಮಾತಾಡಿದ್ದು."

"ನನಗ್ಯಾಕ ಎತ್ತು? ಟ್ರ್ಯಾಕ್ಟರ್ ಐತಿ ನನ್ನ ಹಂತೇಕ."

"ಡೀಸೆಲ್ ತುಟ್ಟಿ ಆತು ಅಂತ ನೀವ ಕಟ್ಟಿ ಮ್ಯಾಲ ಬೈದಿದ್ರಲ್ರಿ. ವ್ಯವಹಾರ ಕುದುರಿಸು ಅಂದ್ರಿ, ಕುದುರಿಸಿದೆ. ಮಾನ ಉಳೀಬೇಕು ಅಂದ್ರಿ, ಆ ಊರಾಗ ಎಲ್ಲಾಕಿಂತ ಚೊಲೋ ಜೋಡಿ ಇವ್ರ ಮನ್ಯಾಗಿಂದು, ಅದನ್ನ ಕೊಡಿಸಿದೆ. ಬ್ಯಾರೆ ಏನರ ಇತ್ತೇನ್ರಿ?"

ನಾನು ಗುಡಿಯ ಗೋಪುರದ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮೂವತ್ತು ವರ್ಷದ ಮೇಲೆ ನಮ್ಮವರು ಹುಡುಗಿಯನ್ನು ಕರೆದುಕೊಂಡು, ಸಕ್ಕರೆ ಹಿಡಿದುಕೊಂಡು, ತಾವಾಗಿಯೇ ಮೊದಲು ಬಾಯಿ ಬಿಟ್ಟಂತಾಗಿತ್ತು. ಅದೂ ಎತ್ತಿನ ವ್ಯಾಪಾರಕ್ಕೆ. ಕಾಕಾ ಹೊಸ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಗಂಗಾವತಿ ವಿಭಾಗದವನನ್ನು ಕರೆದು, "ಗಿರಣಿಯವ್ರಿಗೆ ಫೋನ್ ಹಚ್ಚು. ಈಗ," ಅಂದರು. ಅವನು ಫೋನ್ ತೆಗೆದೇಬಿಟ್ಟ. ಆ ಕಡೆ ಕಂಡಕ್ಟರ್ ಹಗ್ಗ ಹಿಡಿದುಕೊಂಡೇ ಬೆವರಿಹೋಗಿದ್ದ.

ಆಗ ತಂಗಿ ಟ್ರೇಲರಿನಿಂದ ಇಳಿದು ಬಂದಳು. ಅಪ್ಪನ ಮುಂದೆ ನಿಂತಳು. ದನಿ ಏರಿಸಲಿಲ್ಲ.

"ಅಪ್ಪಾ, ಈ ಎತ್ತಿನ ಹಲ್ಲು ನೋಡೀದೇನು?"

"ಇಲ್ಲ."

"ನಡಿಗಿ ನೋಡೀದಿ?"

"ಎಲ್ಲಿ ನೋಡಲೆವ್ವಾ, ಈಗ ಬಂದೀನಿ."

"ಒಂದೂ ನೋಡಲಾರದ ಎತ್ತು ತಗೊಂಡೀದಿ. ಕೈ ಮ್ಯಾಲ ಕೈ ಹಾಕಿಸೀದಿ. ನಾ ದಿನಾ ಮುಂಜಾನೆ ಸಂಜಿ ನೋಡಿದ ಹುಡುಗಗ ಯಾಕ ಒಲ್ಲೆ ಅಂತಿ?"

ಕಾಕಾ ಮಗಳ ಮುಖ ನೋಡಿದರು, ಆಚೆ ನಿಂತ ತನ್ನ ತಾಯಿಯ ಮುಖ ನೋಡಿದರು. ಗಂಗಾವತಿ ವಿಭಾಗದವನ ಕೈಯಿಂದ ಫೋನ್ ಕಿತ್ತುಕೊಂಡು ಬಂದ್ ಮಾಡಿ ಜೇಬಿಗೆ ಹಾಕಿಕೊಂಡರು.

"ಮಗಳು ಹೇಳಿದ್ದು ಖರೆ ಐತಿ," ಅಂದರು ನಿಧಾನವಾಗಿ. "ನೋಡಲಾರದ ಏನೂ ತಗೋಬಾರ್ದು."

ಹಾಗೆಂದವರು ನೇರ ಎತ್ತಿನ ಕಡೆ ನಡೆದರು. ಹಲ್ಲು ನೋಡುತ್ತಾರೆ ಎಂದು ದಲ್ಲಾಳಿ ಎತ್ತಿನ ಮೂಗುದಾಣ ಹಿಡಿದ. ಕಾಕಾ ಎತ್ತನ್ನು ದಾಟಿ ಮುಂದೆ ಹೋಗಿ ಕಂಡಕ್ಟರನ ಎದುರು ನಿಂತರು.

"ತಗಿ ಬಾಯಿ."

ದಿನವಿಡೀ ಜನರಿಗೆ ಹುಕುಂ ಮಾಡುವ ಹುಡುಗ, ಒಂದು ಮಾತಾಡದೆ ಬಾಯಿ ತೆಗೆದ. ಕಾಕಾ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು, ಒಂದು ಬೆರಳಿನಿಂದ ದವಡೆ ಹಲ್ಲು ಅಲುಗಾಡಿಸಿಯೂ ನೋಡಿದರು. ಹುಡುಗನ ಅಪ್ಪ ಮಗನ ಕೈಯಿಂದ ಎತ್ತಿನ ಹಗ್ಗ ಇಸಿದುಕೊಂಡ. ಇಬ್ಬರು ದಲ್ಲಾಳಿಗಳೂ ಬಗ್ಗಿ ನೋಡಿ ತಲೆದೂಗಿದರು.

"ಹಲ್ಲು ಎಲ್ಲಾ ಬಂದಾವ, ಒಂದೂ ಹುಳುಕಿಲ್ಲ," ಎಂದು ಕಾಕಾ ಎರಡೂ ಊರಿಗೆ ಕೇಳುವಂತೆ ಸಾರಿದರು. "ತರ್ರಿ ಸಕ್ಕರಿ."

ಕಾಕಿ ತಟ್ಟೆ ಹಿಡಿದರು. ಹುಡುಗನಿಗೆ ಬಾಯಿ ಮುಚ್ಚು ಎಂದು ಯಾರೂ ಹೇಳಿರಲಿಲ್ಲ, ಅವನು ಮುಚ್ಚಿರಲಿಲ್ಲ. ಕಾಕಾ ಒಂದು ಮುಷ್ಟಿ ಸಕ್ಕರೆಯನ್ನು ಹಾಗೇ ಒಳಗೆ ಸುರಿದುಬಿಟ್ಟರು. ಅವನು ಕೆಮ್ಮಿದ, ಸಕ್ಕರೆ ಹಾರಿತು, ತಂಗಿ ನಕ್ಕಳು, ನಗುತ್ತ ನಗುತ್ತ ಅತ್ತಳು. ಹುಡುಗನ ಅಪ್ಪ ಕಾಕಾನನ್ನು ಅಪ್ಪಿಕೊಂಡ. ಎರಡೂ ಊರಿನವರು ಸಕ್ಕರೆಗೆ ಕೈ ಚಾಚಿದರು.

ಗದ್ದಲ ತುಸು ಇಳಿದ ಮೇಲೆ ಅಜ್ಜಿ ಹಿಂದಿನಿಂದ ಮಗನನ್ನು ಕರೆದಳು.

"ಆ ಎತ್ತಿಗೂ ಒಂದೀಟು ಹಾಕೋ ಯಪ್ಪಾ. ನೀ ಮೊದ್ಲ ಒಪ್ಪಿದ್ದು ಅವನ್ನ."